ಹೊರೆ ಹೊತ್ತಾಗ ಸಮವಾಗಲೆಂದು: ಪಿಕಪ್‌ನ ಮೂತಿ ಎತ್ತಿಸಿಕೊಂಡ ನನ್ನ ಅನುಭವ

ಮಂಡ್ಯದ ಹೊರವಲಯದಲ್ಲಿರುವ ನಮ್ಮ ಕಬ್ಬಿನ ಗದ್ದೆಗೆ ಹೋಗಬೇಕಾದರೆ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಅರ್ಧ ಕಿಲೋಮೀಟರ್ ಸಾಗಿ, ಕಡಿದಾದ ಒಂದು ಇಳಿಜಾರಿನಲ್ಲಿ ಕೆಳಗಿಳಿಯಬೇಕು. ಇಳಿಜಾರು ಮುಗಿದು ನೆಲ ಸಮವಾಗುವ ಜಾಗದಲ್ಲಿ ನಮ್ಮ ಇಸುಜು ವಿ-ಕ್ರಾಸ್ ಪಿಕಪ್‌ನ ಬಂಪರ್‌ನ ಕೆಳತುಟಿ ಪ್ರತಿ ಸಲವೂ ಮಣ್ಣು ಕೆರೆಯುತ್ತಿತ್ತು. ಹಿಂಭಾಗ ಎತ್ತರ, ಮೂತಿ ತಗ್ಗು. ಖಾಲಿ ಪಿಕಪ್‌ಗಳೆಲ್ಲ ಸಾಮಾನ್ಯವಾಗಿ ಹಾಗೆಯೇ ನಿಲ್ಲುತ್ತವೆ, ಏಕೆಂದರೆ ಹಿಂದೆ ಹೊರೆ ಬಿದ್ದಾಗ ಕಮಾನು ಪಟ್ಟಿಗಳು ಕುಸಿಯುವುದನ್ನು ಲೆಕ್ಕಹಾಕಿಯೇ ತಯಾರಕರು ಹಿಂಭಾಗವನ್ನು ಎತ್ತರಕ್ಕೆ ಇಟ್ಟಿರುತ್ತಾರೆ. ಈ ವ್ಯತ್ಯಾಸವನ್ನು ತುಂಬಲು ಮುಂದಿನ ಶಾಕ್‌ನ (ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್) ತಲೆಯ ಮೇಲೆ ಕೂರಿಸುವ ಸ್ಪೇಸರ್‌ಗಳ, ಅಂದರೆ ದಪ್ಪ ಬಿಲ್ಲೆಗಳ, ಜೋಡಿಗೇ ಲೆವೆಲಿಂಗ್ ಕಿಟ್ ಎನ್ನುತ್ತಾರೆ.

ಅಂಗಡಿಯವರು ತೋರಿಸಿದ್ದು 25 ಮಿ.ಮೀ. ದಪ್ಪದ ಸ್ಪೇಸರ್. ಒಂದು ಇಂಚು ತಾನೆ ಎಂದು ನಾನೂ ಮೊದಲು ಅಂದುಕೊಂಡೆ. ಆದರೆ ಶಾಕ್‌ನ ಕೆಳತುದಿ ಚಕ್ರಕ್ಕೆ ನೇರವಾಗಿ ಸೇರಿರುವುದಿಲ್ಲ. ಅದು ಚಕ್ರವನ್ನು ಷಾಸಿಗೆ ಸೇರಿಸುವ ಕೆಳಗಿನ ತೋಳಿನ, ಅಂದರೆ ಲೋವರ್ ಆರ್ಮ್‌ನ, ನಡುಭಾಗದಲ್ಲಿ ಕೂತಿರುತ್ತದೆ. ಏತದ ಮರದಂತೆ, ನಡುವೆ ಒಂದು ಗೇಣು ತಳ್ಳಿದರೆ ತುದಿ ಸುಮಾರು ಎರಡು ಗೇಣು ಸರಿಯುತ್ತದೆ. ಅಂದರೆ 25 ಮಿ.ಮೀ. ಸ್ಪೇಸರ್ ಗಾಡಿಯನ್ನು ಹೆಚ್ಚುಕಡಿಮೆ 5 ಸೆಂ.ಮೀ. ಎತ್ತುತ್ತದೆ.

ಹಾಗಾಗಿ ಕೊಳ್ಳುವ ಮುನ್ನ ಅಳೆಯಲು ಕೂತೆ. ಟೈರಿನ ಗಾಳಿ ಲೆಕ್ಕ ತಪ್ಪಿಸದಿರಲೆಂದು ನೆಲದಿಂದ ಅಳೆಯದೆ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದೆ. ಖಾಲಿ ಗಾಡಿಯಲ್ಲಿ ಹಿಂಭಾಗ 5 ಸೆಂ.ಮೀ. ಹೆಚ್ಚಿತ್ತು. ಬಳಿಕ 50 ಕೆ.ಜಿ.ಯ ನಾಲ್ಕು ಹಿಂಡಿ ಮೂಟೆ ಹೇರಿ ಮತ್ತೆ ಅಳೆದಾಗ ಆ ಅಂತರ 2 ಸೆಂ.ಮೀ.ಗೆ ಇಳಿದಿತ್ತು. ನಮ್ಮ ಗಾಡಿ ಖಾಲಿಯಾಗಿ ಓಡುವುದು ಮದುವೆ ಮನೆಗಳಿಗೆ ಹೋಗುವಾಗ ಮಾತ್ರ. ಉಳಿದಂತೆ ಗೊಬ್ಬರ, ಹಿಂಡಿ, ಪಂಪ್‌ಸೆಟ್ ಹೀಗೆ ಏನಾದರೊಂದು ಹಿಂದೆ ಇದ್ದೇ ಇರುತ್ತದೆ. ಖಾಲಿ ಗಾಡಿಯನ್ನು ಸಮ ಮಾಡಿದರೆ ಹೊರೆ ಹೊತ್ತಾಗ ಅದು ಆಕಾಶ ನೋಡುತ್ತಾ ಓಡಬೇಕಾಗುತ್ತದೆ, ಸ್ಟಿಯರಿಂಗ್ ಹಗುರಾಗುತ್ತದೆ, ದೀಪ ಎದುರಿನವರ ಕಣ್ಣಿಗೆ ಬೀಳುತ್ತದೆ. ನನಗೆ ಬೇಕಾಗಿದ್ದದ್ದು ಆ ಉಳಿದ 2 ಸೆಂ.ಮೀ. ಮಾತ್ರ. ಶಾಕ್‌ನ ಮೇಲಿನ ಸ್ಟಡ್‌ಗಳಲ್ಲಿ (ನಟ್ ಕೂರುವ ತಿರುಪು ಕಡ್ಡಿಗಳು) ನಟ್ ದಾಟಿ 13 ಮಿ.ಮೀ. ತಿರುಪಿನ ಎಳೆ ಮಿಕ್ಕಿತ್ತು. 10 ಮಿ.ಮೀ. ಸ್ಪೇಸರ್ ಹಾಕಿದರೂ ನಟ್ ಪೂರ್ತಿ ಹಿಡಿದು ಎರಡು ಸುತ್ತು ಹೊರಗುಳಿಯುತ್ತದೆ ಎಂದು ಖಚಿತವಾದ ಮೇಲೆ ಆ ದಪ್ಪದ ಅಲ್ಯೂಮಿನಿಯಂ ಜೋಡಿಯನ್ನೇ ತರಿಸಿದೆ.

ಇನ್ನೊಂದು ವಿಷಯವನ್ನೂ ಮೊದಲೇ ಯೋಚಿಸಿದ್ದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಆದ್ದರಿಂದ ಏನನ್ನೂ ಕೊರೆಯದೆ, ಬೆಸೆಯದೆ, ಅರ್ಧ ದಿನದಲ್ಲಿ ಮೊದಲಿನಂತೆ ಮಾಡಬಹುದಾದ ಕೆಲಸಕ್ಕೆ ಮಾತ್ರ ಕೈಹಾಕಿದೆ. ವಿಮೆಯವರಿಗೂ ಪತ್ರ ಬರೆದು ತಿಳಿಸಿದೆ.

ಹಿಂದಿನ ಸಂಜೆಯೇ ಎರಡು ಕೆಲಸ ಮುಗಿಸಿದೆ. ಗೋಡೆಯಿಂದ ಐದು ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಿ ಹೆಡ್‌ಲೈಟ್‌ನ ಬೆಳಕಿನ ಮೇಲಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಬಿಚ್ಚಬೇಕಾದ ಬೋಲ್ಟ್‌ಗಳಿಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದೆ. ಬೆಳಗ್ಗೆ ಅಂಗಳದ ಸಿಮೆಂಟ್ ನೆಲದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಚಕ್ರದ ನಟ್‌ಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಿ, ಮುಂಭಾಗವನ್ನು ಎತ್ತಿ ಷಾಸಿಯ ಕೆಳಗೆ ಎರಡು ಸ್ಟ್ಯಾಂಡ್ ಇಟ್ಟೆವು. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಕೈ ಹಾಕಬಾರದೆಂಬುದನ್ನು ನೆರವಿಗೆ ಬಂದಿದ್ದ ಭಾವಮೈದನಿಗೆ ಮೂರು ಸಲ ಹೇಳಬೇಕಾಯಿತು.

ಮೊದಲು ಎರಡೂ ಬದಿಯ ಸ್ಟೆಬಿಲೈಜರ್ ಲಿಂಕ್ (ಎಡ-ಬಲ ಚಕ್ರಗಳನ್ನು ಜೋಡಿಸುವ ಅಡ್ಡ ಸರಳಿನ ಕೊಂಡಿ) ಬಿಡಿಸಿದೆವು. ಒಂದೇ ಬದಿ ಬಿಡಿಸಿದರೆ ಆ ಸರಳು ಇನ್ನೊಂದು ಬದಿಯಿಂದ ಎಳೆಯುತ್ತಲೇ ಇರುತ್ತದೆ. ಎಬಿಎಸ್ ವೈರಿನ ಕ್ಲಿಪ್ ಕಳಚಿ, ಮೇಲಿನ ಬಾಲ್ ಜಾಯಿಂಟ್‌ನ ಕಾಟರ್ ಪಿನ್ ತೆಗೆದು, ನಟ್ಟನ್ನು ನಾಲ್ಕು ಸುತ್ತು ಸಡಿಲಿಸಿ, ನಕಲ್‌ನ (ಚಕ್ರವನ್ನು ಹಿಡಿದಿರುವ ಲೋಹದ ತುಂಡು) ಬದಿಗೆ ಸುತ್ತಿಗೆಯಿಂದ ಎರಡು ಏಟು ಕೊಟ್ಟಾಗ ಜಾಯಿಂಟ್ ಠಪ್ಪೆಂದು ಬಿಟ್ಟಿತು. ಬಿಟ್ಟ ನಕಲ್ ಹೊರಗೆ ವಾಲಿ ಬ್ರೇಕ್ ಹೋಸ್ ಮತ್ತು ಆ್ಯಕ್ಸಲ್‌ನ ಸಿವಿ ಜಾಯಿಂಟ್ (ಚಕ್ರಕ್ಕೆ ತಿರುಗುವ ಬಲ ಒಯ್ಯುವ ಕೀಲು) ಎಳೆದುಕೊಳ್ಳದಂತೆ ಅದನ್ನು ಹಗ್ಗದಿಂದ ಮೇಲಕ್ಕೆ ಕಟ್ಟಿಹಾಕಿದೆವು. ಬಳಿಕ ಶಾಕ್‌ನ ಕೆಳಗಿನ ಬೋಲ್ಟ್, ಕೊನೆಗೆ ಮೇಲಿನ ನಟ್‌ಗಳು. ಇಲ್ಲಿ ಒಂದೇ ಒಂದು ನಟ್ಟನ್ನು ಮುಟ್ಟಬಾರದು: ನಟ್ಟನಡುವಿನದು. ಒತ್ತಿ ಹಿಡಿದ ಸ್ಪ್ರಿಂಗ್‌ನ ಬಲವೆಲ್ಲ ಅದರ ಮೇಲೆ ನಿಂತಿರುತ್ತದೆ. ಬಿಚ್ಚಿದರೆ ಪ್ರಾಣಕ್ಕೇ ಕುತ್ತು.

ಬಲಬದಿ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಎಡಬದಿಯ ಕೆಳಗಿನ ಬೋಲ್ಟ್ ಮಾತ್ರ ಬುಶ್‌ನ, ಅಂದರೆ ಶಾಕ್‌ನ ಕೆಳತುದಿಯ ರಬ್ಬರ್ ಬಳೆಯ, ಒಳಗಿನ ಕಬ್ಬಿಣದ ಕೊಳವೆಗೆ ಹತ್ತು ವರ್ಷದ ಗದ್ದೆ ಕೆಸರಿನಿಂದ ಅಂಟಿಕೊಂಡುಬಿಟ್ಟಿತ್ತು. ನಟ್ ಬಂತು, ಬೋಲ್ಟ್ ತಿರುಗಿತು, ಹೊರಗೆ ಮಾತ್ರ ಬರಲಿಲ್ಲ. ಎಣ್ಣೆ ಹಾಕುವುದು, ಹಿಂದೆ ಮುಂದೆ ತಿರುಗಿಸುವುದು, ಹಿತ್ತಾಳೆ ಸರಳು ಇಟ್ಟು ಹೊಡೆಯುವುದು ಎಂದು ಮೂರು ಗಂಟೆ ಕಳೆದವು. ಜೋಡಿಸುವಾಗ ಎರಡೂ ಬದಿಯ ಬೋಲ್ಟ್‌ಗೆ ಗ್ರೀಸ್ ಸವರಿದೆ.

ಆ ಸುಸ್ತಿನಲ್ಲೇ ನಾನು ತಪ್ಪು ಮಾಡಿದ್ದು. ಚಕ್ರ ಗಾಳಿಯಲ್ಲಿ ನೇತಾಡುತ್ತಿದ್ದಾಗಲೇ ಕೆಳಗಿನ ಬೋಲ್ಟನ್ನು ಟಾರ್ಕ್ ರೆಂಚ್‌ನಿಂದ ಪೂರ್ತಿ ಬಿಗಿದುಬಿಟ್ಟೆ. ಬುಶ್‌ನ ರಬ್ಬರ್ ತನ್ನ ಒಳಗಿನ ಕೊಳವೆಗೆ ಅಂಟಿಕೊಂಡಿರುತ್ತದೆ. ನೇತಾಡುವ ಸ್ಥಿತಿಯಲ್ಲಿ ಬಿಗಿದರೆ, ಗಾಡಿ ನೆಲಕ್ಕಿಳಿದ ಮೇಲೆ ಆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ನೆನಪಾದದ್ದು ರಾತ್ರಿ ಊಟಕ್ಕೆ ಕೂತಾಗ. ಮರುದಿನ ಗಾಡಿ ಚಕ್ರಗಳ ಮೇಲೆ ನಿಂತಿದ್ದಾಗಲೇ ಎರಡೂ ಬದಿ ಸಡಿಲಿಸಿ, ಮೂತಿಯನ್ನು ನಾಲ್ಕು ಸಲ ಒತ್ತಿ ಕುಲುಕಿ, ಮತ್ತೆ ಬಿಗಿದೆ.

ಇಪ್ಪತ್ತು ಕಿಲೋಮೀಟರ್ ಓಡಿಸಿ ಅಳೆದಾಗ ಮುಂಭಾಗ 1.9 ಸೆಂ.ಮೀ. ಏರಿತ್ತು. ಅಲ್ಪವೆನಿಸುವ ಈ ಏರಿಕೆ ದೀಪದ ವಿಷಯದಲ್ಲಿ ಅಲ್ಪವಲ್ಲ: 3,095 ಮಿ.ಮೀ. ವ್ಹೀಲ್‌ಬೇಸ್‌ನ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ) ಗಾಡಿಯ ಮೂತಿ ಇಷ್ಟು ಎದ್ದರೆ 50 ಮೀಟರ್ ದೂರದಲ್ಲಿ ಬೆಳಕು 30 ಸೆಂ.ಮೀ.ಗೂ ಹೆಚ್ಚು ಮೇಲೇರುತ್ತದೆ. ಸೀಮೆಸುಣ್ಣದ ಗೆರೆಯ ಮಟ್ಟಕ್ಕೆ ದೀಪಗಳನ್ನು ಇಳಿಸಿದೆ. ಮೈಸೂರಿನಲ್ಲಿ ಅಲೈನ್‌ಮೆಂಟ್ ಮಾಡಿಸಿದಾಗ ಟೋ (ಚಕ್ರಗಳು ಒಳಕ್ಕೆ ಅಥವಾ ಹೊರಕ್ಕೆ ಮುಖ ಮಾಡುವ ಕೋನ) ಸಾಕಷ್ಟು ತಪ್ಪಿತ್ತು, ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲುವ ಕೋನ) ಸ್ವಲ್ಪ ತಪ್ಪಿತ್ತು. ನೂರು ಕಿಲೋಮೀಟರ್ ನಂತರ ಎಲ್ಲ ನಟ್‌ಗಳನ್ನೂ ಮತ್ತೊಮ್ಮೆ ಪರೀಕ್ಷಿಸಿದೆ.

ಸವಾರಿ ಗಟ್ಟಿಯಾಗಿಲ್ಲ, ಏಕೆಂದರೆ ಸ್ಪ್ರಿಂಗ್ ಹಳೆಯದೇ, ಅದು ಹೊರುವ ಭಾರವೂ ಹಳೆಯದೇ. ಆದರೆ ರಸ್ತೆಯ ಉಬ್ಬನ್ನು ವೇಗವಾಗಿ ಹಾರಿಸಿದರೆ ಮುಂದೆ ಸಣ್ಣದೊಂದು ಧಡ್ ಎನ್ನುವ ಸದ್ದು ಕೇಳುತ್ತದೆ. ನಾಲ್ಕು ಮೂಟೆ ಹೇರಿದಾಗ ಗಾಡಿ ಈಗ ಸಮವಾಗಿ ನಿಲ್ಲುತ್ತದೆ. ಖಾಲಿ ಇದ್ದಾಗ ಹಿಂಭಾಗ ಇನ್ನೂ 3 ಸೆಂ.ಮೀ. ಎತ್ತರವೇ. ಖಾಲಿ ಗಾಡಿಯಲ್ಲಿ ನಾಲೆ ಏರಿಯಿಂದ ಇಳಿದರೆ ಬಂಪರ್ ಈಗಲೂ ಒಂದು ಮೂಲೆಯಲ್ಲಿ ತಾಗುತ್ತದೆ. ಅದಕ್ಕೆಂದು ಇಳಿಜಾರಿನ ಬುಡಕ್ಕೆ ಎರಡು ಟ್ರ್ಯಾಕ್ಟರ್ ಮಣ್ಣು ಹೊಡೆಸಿದ್ದೇನೆ.