ಸದ್ದಿಲ್ಲದ ನಿಸರ್ಗಧಾಮಕ್ಕೆ ಮಕ್ಕಳನ್ನು ಕರೆದೊಯ್ಯುವಾಗ

ಮನೆಗೆ ಹತ್ತಿರದಲ್ಲೇ ಇದ್ದರೂ ಹೆಚ್ಚು ಜನ ಕಾಲಿಡದ ಚಿಕ್ಕ ನಿಸರ್ಗಧಾಮಗಳಲ್ಲಿ ಸಫಾರಿ ವಾಹನವಾಗಲಿ, ಮಾರ್ಗದರ್ಶಕರಾಗಲಿ, ದೊಡ್ಡ ಪ್ರಾಣಿ ಕಂಡೇ ಕಾಣುತ್ತದೆಂಬ ಭರವಸೆಯಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಮಕ್ಕಳಿಗೆ ಇಂಥ ಜಾಗವೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಅಲ್ಲಿ ಯಾರೂ ಅವರನ್ನು ಅವಸರಪಡಿಸುವುದಿಲ್ಲ, ಮತ್ತು ನೋಡಬೇಕಾದದ್ದು ಬಹುಪಾಲು ಅವರ ಎತ್ತರದಲ್ಲೇ, ಅಂದರೆ ನೆಲಕ್ಕೆ ಹತ್ತಿರದಲ್ಲಿ ಇರುತ್ತದೆ. ಆದರೆ ಜನವಿಲ್ಲದ ಕಡೆ ಸೌಲಭ್ಯಗಳೂ ಕಡಿಮೆ. ಆದ್ದರಿಂದ ಪ್ರವೇಶದ ಸಮಯ ಯಾವುದು, ಅನುಮತಿ ಬೇಕೇ, ಯಾವ ಕಾಲುದಾರಿಗಳು ತೆರೆದಿವೆ, ಶೌಚಾಲಯ ಮತ್ತು ಕುಡಿಯುವ ನೀರು ಇವೆಯೇ, ಫೋನಿಗೆ ಸಿಗ್ನಲ್ ಸಿಗುತ್ತದೆಯೇ ಎಂಬುದನ್ನು ಹೊರಡುವ ಮುನ್ನವೇ ವಿಚಾರಿಸಿಕೊಳ್ಳಬೇಕು. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಮನೆಯಲ್ಲಿರುವ ಒಬ್ಬರಿಗೆ ತಿಳಿಸಿ ಹೊರಡುವುದು ಕ್ಷೇಮ.

ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. ಸೂರ್ಯೋದಯದ ನಂತರದ ಒಂದೆರಡು ಗಂಟೆಗಳಲ್ಲಿ ಹಕ್ಕಿಗಳ ಓಡಾಟವೂ ಕೂಗೂ ಹೆಚ್ಚು. ಬಿಸಿಲೇರಿದಂತೆ ಹಕ್ಕಿಗಳೂ ಮಕ್ಕಳೂ ಒಟ್ಟಿಗೇ ಮಂಕಾಗುತ್ತಾರೆ. ದೂರದ ವಿಷಯದಲ್ಲಿ ದೊಡ್ಡವರು ಆಸೆ ಕಡಿಮೆ ಮಾಡಿಕೊಳ್ಳಬೇಕು. ಐದು ವರ್ಷದೊಳಗಿನ ಮಗುವಿಗೆ ಹೋಗಿಬರುವುದೆಲ್ಲ ಸೇರಿ ಒಂದು ಕಿಲೋಮೀಟರ್ ಧಾರಾಳವಾಯಿತು. ಮಗು ದಣಿದ ಮೇಲೆ ಹಿಂದಿರುಗುವ ಬದಲು, ಇನ್ನೂ ಉತ್ಸಾಹವಿರುವಾಗಲೇ ತಿರುಗಿದರೆ ವಾಪಸು ದಾರಿಯಲ್ಲಿ ಎತ್ತಿಕೊಳ್ಳುವ ಪ್ರಸಂಗ ಬರುವುದಿಲ್ಲ.

ಚೀಲದಲ್ಲಿ ನೀರು, ತಿಂಡಿ, ಒಂದು ಜೊತೆ ಬಟ್ಟೆ, ಪ್ರಥಮ ಚಿಕಿತ್ಸೆಯ ಸಾಮಾನು, ಕಸ ಹಾಕಿಕೊಳ್ಳಲು ಒಂದು ಚೀಲ ಇರಲಿ. ತಿಂಡಿಯನ್ನು ಸರಬರ ಸದ್ದು ಮಾಡುವ ಪ್ಯಾಕೆಟ್ಟಿನಿಂದ ಡಬ್ಬಿಗೆ ಹಾಕಿಕೊಂಡರೆ ಕಾಡಿಗೂ ಒಳ್ಳೆಯದು, ನಿಮಗೂ. ತುಂಬುತೋಳಿನ ಅಂಗಿ, ಪೂರ್ತಿ ಮುಚ್ಚುವ ಬೂಟು, ಕಾಲುಚೀಲದೊಳಕ್ಕೆ ಸಿಕ್ಕಿಸಿದ ಪ್ಯಾಂಟು, ಇವು ಮುಳ್ಳು, ಜಿಗಣೆ, ಉಣ್ಣೆಗಳಿಂದ ಕಾಪಾಡುತ್ತವೆ. ಕೀಟ ಓಡಿಸುವ ಮುಲಾಮನ್ನು ಮಕ್ಕಳ ಅಂಗೈಗೆ ಹಚ್ಚಬೇಡಿ, ಆ ಕೈ ಬಾಯಿಗೂ ಕಣ್ಣಿಗೂ ಹೋಗುತ್ತದೆ. ಒಂದು ಭೂತಗನ್ನಡಿ ಇದ್ದರೆ ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ. ದುರ್ಬೀನೇ ಬೇಕೆಂದರೆ ಅದರ ಮೇಲಿನ ಅಂಕಿಗಳನ್ನು ನೋಡಿ ಆರಿಸಿ: ಮೊದಲನೆಯದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆಂಬುದನ್ನೂ, ಎರಡನೆಯದು ಮುಂದಿನ ಮಸೂರದ ಅಗಲವನ್ನು ಮಿಲಿಮೀಟರಿನಲ್ಲೂ ಹೇಳುತ್ತದೆ. ಪುಟ್ಟ ಕೈಗಳ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುವುದರಿಂದ, ಮಕ್ಕಳಿಗೆ 10 ಪಟ್ಟಿನದಕ್ಕಿಂತ 6 ಪಟ್ಟಿನ ಹಗುರ ದುರ್ಬೀನು ಮೇಲು.

ಇನ್ನು ಮೌನದ ಮಾತು. ‘ಸದ್ದು ಮಾಡಬೇಡ’ ಎಂದು ಮತ್ತೆ ಮತ್ತೆ ಗದರುವುದೇ ಅಲ್ಲಿನ ಅತಿ ದೊಡ್ಡ ಸದ್ದಾಗಿಬಿಡುತ್ತದೆ. ಅದರ ಬದಲು ಕಿವಿಗೆ ಕೆಲಸ ಕೊಡಿ. ಎಲ್ಲರೂ ಕುಳಿತು, ಕಣ್ಣು ಮುಚ್ಚಿ, ಎರಡೂ ಕೈಗಳನ್ನು ಮುಷ್ಟಿ ಕಟ್ಟಿ, ಹೊಸ ಶಬ್ದವೊಂದು ಕೇಳಿದಾಗಲೆಲ್ಲ ಒಂದೊಂದು ಬೆರಳು ಬಿಚ್ಚಬೇಕು. ಮೊದಲ ಮೂರು ಬೆರಳು ಬೇಗ ಬಿಚ್ಚಿಕೊಳ್ಳುತ್ತವೆ. ಆಮೇಲೆ ಒಣ ಎಲೆಯ ಕೆಳಗೆ ಸರಿದದ್ದು ಓತಿಯೋ ಗಾಳಿಯೋ ಎಂದು ಮಕ್ಕಳು ತಾವಾಗಿಯೇ ಉಸಿರು ಹಿಡಿದು ಕೇಳತೊಡಗುತ್ತಾರೆ. ಈ ಆಟ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ನಡೆಯದಿದ್ದರೂ ಬೇಸರಪಡಬೇಕಾಗಿಲ್ಲ. ಓಡಬೇಕೆನ್ನುವ ಮಗುವಿಗೆ ಓಡಲು ಬಯಲು ಜಾಗವನ್ನು ಮೊದಲೇ ಗೊತ್ತುಮಾಡಿಟ್ಟು, ಓಡಿ ಮುಗಿದ ಮೇಲೆ ಕಾಡಂಚಿಗೆ ಕರೆತನ್ನಿ.

ನೋಡುವುದಕ್ಕೆ ಏನೂ ಸಿಗಲಿಲ್ಲ ಎನ್ನುವವರು ಬಹಳಮಟ್ಟಿಗೆ ಮೇಲೆ ನೋಡಿಕೊಂಡು ನಡೆದವರು. ಮಳೆ ತಾಗದ ಬಂಡೆಯ ಅಡಿಯಲ್ಲೋ ಮರದ ಬೇರಿನ ಮರೆಯಲ್ಲೋ ಒಣ ಪುಡಿಮಣ್ಣು ಇದ್ದರೆ ಅಲ್ಲಿ ಆಲಿಕೆಯಾಕಾರದ ಸಣ್ಣ ಗುಳಿಗಳನ್ನು ಹುಡುಕಿ. ಅವು ಇರುವೆ ಸಿಂಹ ಎಂಬ ಕೀಟದ ಮರಿಹುಳುಗಳು ತೋಡಿದ ಬೋನುಗಳು. ಹುಳು ಗುಳಿಯ ತಳದಲ್ಲಿ ಮಣ್ಣಿನೊಳಗೆ ಹುದುಗಿ, ದವಡೆಗಳನ್ನಷ್ಟೇ ಚಾಚಿಕೊಂಡು ಕಾದಿರುತ್ತದೆ. ಗುಳಿಯ ಗೋಡೆ ಇನ್ನೇನು ಜಾರಿಬಿಡುವಷ್ಟು ಕಡಿದಾಗಿರುವುದರಿಂದ ಅಂಚಿಗೆ ಬಂದ ಇರುವೆಯ ಕಾಲಡಿ ಮಣ್ಣು ಕುಸಿಯುತ್ತದೆ. ಇರುವೆ ಮೇಲೇರಲು ಹೆಣಗಿದರೆ ಹುಳು ತಲೆಯಿಂದ ಮರಳನ್ನು ಚಿಮ್ಮಿ ಚಿಮ್ಮಿ ಅದನ್ನು ಕೆಳಕ್ಕೆ ಉರುಳಿಸುತ್ತದೆ. ಮಕ್ಕಳಿಗೆ ಇನ್ನೊಂದು ಸಂಗತಿಯನ್ನೂ ಹೇಳಿ, ಖಂಡಿತ ಮರೆಯುವುದಿಲ್ಲ: ಮರಿಹುಳುವಾಗಿರುವಷ್ಟು ಕಾಲವೂ ಅದು ಮಲ ಹೊರಹಾಕುವುದಿಲ್ಲ, ರೆಕ್ಕೆ ಬಂದು ಪ್ರೌಢ ಕೀಟವಾದಾಗಲೇ ಒಟ್ಟಿಗೆ ಹೊರಹಾಕುತ್ತದೆ. ಇಂಥ ಒಂದು ಗುಳಿಯ ಮುಂದೆ ಅರ್ಧ ಗಂಟೆ ಕಳೆದುಹೋದರೆ ಅಂದಿನ ನಡಿಗೆ ಅಲ್ಲಿಗೇ ನಿಂತರೂ ನಷ್ಟವಿಲ್ಲ.

ಕೆಲವು ನಿಯಮಗಳನ್ನು ಮಾತ್ರ ಸಡಿಲಿಸುವಂತಿಲ್ಲ. ಕಲ್ಲು ಅಥವಾ ಕೊಳೆತ ದಿಮ್ಮಿಯ ಕೆಳಗೆ ಏನಿದೆಯೆಂದು ನೋಡುವುದಾದರೆ ಮಕ್ಕಳಲ್ಲ, ದೊಡ್ಡವರು, ಅದೂ ಕೈಯಿಂದಲ್ಲದೆ ಕೋಲಿನಿಂದ, ಆಚೆಯ ಅಂಚನ್ನು ತಮ್ಮ ಕಡೆಗೆ, ಬಾಯಿ ತಮ್ಮಿಂದ ಆಚೆಗೆ ತೆರೆಯುವಂತೆ ಎತ್ತಬೇಕು. ಹಾಗೆ ಎತ್ತಿದಾಗ ಕಲ್ಲು ನಿಮಗೂ ಅಡಿಯಲ್ಲಿರುವ ಜೀವಿಗೂ ನಡುವೆ ಅಡ್ಡವಾಗಿರುತ್ತದೆ. ನೋಡಿದ ಮೇಲೆ ಇದ್ದಂತೆಯೇ ಇಡಬೇಕು, ಏಕೆಂದರೆ ಅದರಡಿಯ ತೇವವೇ ಅಲ್ಲಿರುವ ಜೀವಿಗಳ ಆಧಾರ. ಪ್ರಾಣಿಪಕ್ಷಿಗಳಿಗೆ ತಿಂಡಿ ಹಾಕಬಾರದು. ಹಕ್ಕಿಯನ್ನು ಹತ್ತಿರ ಕರೆಯಲೆಂದು ಫೋನಿನಲ್ಲಿ ಅದರ ಕೂಗನ್ನು ನುಡಿಸುವುದು ಈಗ ಹಲವರ ಅಭ್ಯಾಸವಾಗಿದೆ. ತನ್ನ ನೆಲೆಗೆ ಎದುರಾಳಿ ಬಂದಿದೆಯೆಂದು ಬಗೆದ ಹಕ್ಕಿ ಮೇಯುವುದನ್ನೋ ಮರಿಗಳನ್ನೋ ಬಿಟ್ಟು ಕಾದಾಟಕ್ಕೆ ಬರುವುದರಿಂದ ಇದನ್ನು ಮಾಡದಿರುವುದೇ ಸರಿ. ಗರಿ ಮೂಡಿದ ಮರಿಹಕ್ಕಿಯೊಂದು ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಮಕ್ಕಳಿಗೆ ಅಯ್ಯೋ ಎನಿಸುತ್ತದೆ, ಆದರೆ ಅದು ಸಾಮಾನ್ಯವಾಗಿ ಹಾರಲು ಕಲಿಯುತ್ತಿರುವ ಮರಿ. ತಂದೆತಾಯಿ ಹತ್ತಿರದಲ್ಲೇ ಇರುತ್ತವೆ, ನಾವು ದೂರ ಸರಿದರೆ ಬಂದು ಉಣಿಸುತ್ತವೆ. ಹಾವು ಕಂಡರೆ ನಿಂತು, ನಿಧಾನವಾಗಿ ಹಿಂದೆ ಸರಿದು, ಅದಕ್ಕೆ ಹೋಗಲು ದಾರಿ ಬಿಡಿ.

ದಾರಿ ತಪ್ಪಿದರೆ ಏನು ಮಾಡಬೇಕೆಂಬುದನ್ನು ಒಳಹೊಕ್ಕ ಮೇಲಲ್ಲ, ಬಾಗಿಲಲ್ಲೇ ಹೇಳಿಕೊಡಿ. 1981ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬ ಬೆಟ್ಟದ ಕಾಡಿನಲ್ಲಿ ಕಳೆದುಹೋಗಿ ಸಾವಿಗೀಡಾದ ಬಳಿಕ, ಅವನನ್ನು ಹುಡುಕಿದವರು ರೂಪಿಸಿದ ಪಾಠ ಬಹಳ ಸರಳ: ಒಂದು ಮರವನ್ನು ಹಿಡಿದು ಅಲ್ಲೇ ನಿಲ್ಲು. ನಡೆಯುತ್ತಲೇ ಇರುವ ಮಗುವಿಗಿಂತ ನಿಂತಲ್ಲೇ ನಿಂತ ಮಗುವನ್ನು ಹುಡುಕುವುದು ಸುಲಭ. ಪ್ರತಿ ಮಗುವಿನ ಕೊರಳಲ್ಲೂ ಒಂದು ಸೀಟಿ ಇರಲಿ; ಮೂರು ಸಲ ಊದುವುದು ನೆರವು ಬೇಕೆಂಬ ಸಂಕೇತವೆಂದೂ, ಆಟಕ್ಕೆ ಊದಬಾರದೆಂದೂ ಹೇಳಿ, ಒಮ್ಮೆ ಊದಿಸಿ ನೋಡಿಬಿಡಿ.

ಹೊರಬಂದ ಮೇಲೆ ಬಟ್ಟೆಗೂ ಬೂಟಿಗೂ ಅಂಟಿದ ಬೀಜಗಳನ್ನು ಅಲ್ಲೇ ಕೊಡವಿ, ಇಲ್ಲದಿದ್ದರೆ ಕಳೆಗಿಡಗಳನ್ನು ಬೇರೆಡೆಗೆ ಸಾಗಿಸಿದಂತಾಗುತ್ತದೆ. ಮನೆಯಲ್ಲಿ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕೂದಲ ಬುಡ, ಕಂಕುಳು, ಸೊಂಟ, ಮಂಡಿಯ ಹಿಂಭಾಗಗಳಲ್ಲಿ ಉಣ್ಣೆ ಕಚ್ಚಿಕೊಂಡಿದೆಯೇ ಎಂದು ಪರೀಕ್ಷಿಸಿ. ಕಚ್ಚಿಕೊಂಡಿದ್ದರೆ ಎಣ್ಣೆ ಹಚ್ಚುವುದು, ಸುಡುವುದು ಬೇಡ. ತೆಳ್ಳನೆಯ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆದು ತೆಗೆಯಿರಿ ಮತ್ತು ಆ ಜಾಗವನ್ನು ಸಾಬೂನಿನಿಂದ ತೊಳೆಯಿರಿ. ದಿನಾಂಕವನ್ನು ಬರೆದಿಟ್ಟುಕೊಂಡು, ಮುಂದಿನ ಕೆಲವು ವಾರಗಳಲ್ಲಿ ಮಗುವಿಗೆ ಜ್ವರವೋ ಚರ್ಮದ ಮೇಲೆ ಗಂಧೆಯೋ ಕಾಣಿಸಿದರೆ ವೈದ್ಯರಿಗೆ ಅದನ್ನು ತಿಳಿಸಿ.