ಎರಡು ಜರ್ಮನಿಗಳ ಬೇಹುಗಾರಿಕೆ: ಉಪನ್ಯಾಸ ಸಿದ್ಧಪಡಿಸುವ ಕ್ರಮ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಗ್ರಂಥಾಲಯಗಳಲ್ಲಿ ಮತ್ತು ಕಾಲೇಜುಗಳ ಚರಿತ್ರೆ ಸಂಘಗಳಲ್ಲಿ ಕನ್ನಡದಲ್ಲಿ ಮಾತನಾಡುವವರು ಬೇಹುಗಾರಿಕೆಯ ವಿಷಯವನ್ನು ಎತ್ತಿಕೊಂಡರೆ ಅದು ಹೆಚ್ಚಾಗಿ ಪತ್ತೇದಾರಿ ಕತೆಯಾಗಿ ಮುಗಿಯುತ್ತದೆ. ಹಾಗಾಗದಂತೆ, ಪೂರ್ವ ಮತ್ತು ಪಶ್ಚಿಮ ಜರ್ಮನಿಗಳ ಗುಪ್ತಚರ ಸಂಬಂಧವನ್ನು ಒಂದು ಗಂಟೆಯ ಉಪನ್ಯಾಸವಾಗಿ ಕಟ್ಟುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ. ನಮ್ಮಲ್ಲಿ ಹಳೆಯ ಜಮೀನಿನ ತಕರಾರು ಬಿಡಿಸುವವರು ಕಾಸರಗೋಡು ಕೇರಳಕ್ಕೆ ಸೇರಿದ 1956ಕ್ಕೆ ಹಿಂದಿನ ಕಾಗದವನ್ನು ಮಂಗಳೂರಿನ ಕಡೆ ಹುಡುಕಿ, ಅನಂತರದ್ದನ್ನು ಇಲ್ಲಿನ ವಿಲೇಜ್ ಆಫೀಸಿನಲ್ಲಿ ಕೇಳಿ, ಎರಡನ್ನೂ ಎದುರುಬದುರು ಇಟ್ಟು ಓದುತ್ತಾರಲ್ಲವೆ? ಈ ಚರಿತ್ರೆಗೂ ಅದೇ ಓದು ಬೇಕು. ಯಾವ ಸಂಗತಿ ಯಾರ ಕಡತದಿಂದ ಬಂದಿದೆ, ಆ ಕಡತ ಏಕೆ ಉಳಿದಿದೆ ಎಂಬ ಪ್ರಶ್ನೆಯನ್ನು ಮೊದಲಿನಿಂದ ಕೊನೆಯವರೆಗೂ ಕೈಬಿಡಬಾರದು.

ಮೊದಲಿಗೆ ಸಂಸ್ಥೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಪೂರ್ವದಲ್ಲಿ 1950ರ ಫೆಬ್ರವರಿ 8ರಂದು ಹುಟ್ಟಿದ ರಾಜ್ಯ ಭದ್ರತಾ ಸಚಿವಾಲಯ, ಅಂದರೆ ಸ್ಟಾಸಿ, ಒಳನಾಡಿನ ಕಣ್ಗಾವಲನ್ನೂ ವಿದೇಶಿ ಬೇಹುಗಾರಿಕೆಯನ್ನೂ ಒಂದೇ ಸೂರಿನಡಿ ನಡೆಸುತ್ತಿತ್ತು. ಅದರ ವಿದೇಶಿ ವಿಭಾಗವಾದ ಎಚ್‌ವಿಎಯನ್ನು ಮಾರ್ಕುಸ್ ವೋಲ್ಫ್ 1986ರವರೆಗೆ ಮುನ್ನಡೆಸಿದ. ಪಶ್ಚಿಮದಲ್ಲಿ ಕೆಲಸ ಹಂಚಿಹೋಗಿತ್ತು: ಮ್ಯೂನಿಕ್ ಬಳಿಯ ಪುಲ್ಲಾಖ್‌ನಲ್ಲಿದ್ದ ಬಿಎನ್‌ಡಿ ಹೊರನಾಡಿನ ಮಾಹಿತಿ ಕಲೆಹಾಕುತ್ತಿತ್ತು, ಕೊಲೋನ್‌ನಲ್ಲಿದ್ದ ಬಿಎಫ್‌ವಿ ಒಳಗಿನ ಗೂಢಚಾರರನ್ನು ಹಿಡಿಯಬೇಕಾಗಿತ್ತು. ಬಿಎನ್‌ಡಿಯ ಬೇರು ಹಿಟ್ಲರನ ಸೇನೆಯ ಪೂರ್ವರಂಗದ ಗುಪ್ತಚರ ವಿಭಾಗದಲ್ಲಿದೆ. ಅದರ ಮುಖ್ಯಸ್ಥನಾಗಿದ್ದ ರೈನ್‌ಹಾರ್ಡ್ ಗೆಹ್ಲೆನ್ ಯುದ್ಧಾನಂತರ ಅಮೆರಿಕದ ಆಶ್ರಯದಲ್ಲಿ ಸಂಸ್ಥೆಯೊಂದನ್ನು ಕಟ್ಟಿದ, ಅದೇ 1956ರ ಏಪ್ರಿಲ್ 1ರಂದು ಬಿಎನ್‌ಡಿಯಾಯಿತು. ಹೀಗಾಗಿ ಎರಡೂ ಕಡೆ ಹಿಂದೆ ನಿಂತ ದೊಡ್ಡ ಶಕ್ತಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ವಾಕ್ಯ ಬರೆಯಬಾರದು. ಬಿಎನ್‌ಡಿಯ ಒಳಗಿದ್ದುಕೊಂಡೇ ಸೋವಿಯತ್ ವಿರೋಧಿ ಪ್ರತಿಬೇಹುಗಾರಿಕೆಯನ್ನು ನೋಡಿಕೊಳ್ಳುತ್ತಿದ್ದ, 1961ರಲ್ಲಿ ಬಂಧಿತನಾದ ಹೈನ್ಸ್ ಫೆಲ್ಫೆಯನ್ನು ಅನೇಕರು ಸ್ಟಾಸಿಯ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಅವನು ಕೆಲಸ ಮಾಡುತ್ತಿದ್ದುದು ಸೋವಿಯತ್ ಕೆಜಿಬಿಗೆ.

ಇನ್ನು ಕಡತಗಳ ಸ್ಥಿತಿಗತಿ. ಉಪನ್ಯಾಸದ ಕಾಲು ಭಾಗವನ್ನಾದರೂ ಇದಕ್ಕೆ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಉಳಿದ ಎಲ್ಲ ತೀರ್ಮಾನಗಳೂ ಇದರ ಮೇಲೆಯೇ ನಿಂತಿವೆ. ಪೂರ್ವ ಜರ್ಮನಿ ಕುಸಿದಾಗ, 1990ರ ಜನವರಿ 15ರಂದು, ಜನರು ಬರ್ಲಿನ್ನಿನ ಸ್ಟಾಸಿ ಕೇಂದ್ರ ಕಚೇರಿಗೆ ನುಗ್ಗಿದರು. 1991ರ ಡಿಸೆಂಬರಿನಲ್ಲಿ ಬಂದ ಕಾನೂನು ಕಡತಗಳನ್ನು ಸಂತ್ರಸ್ತರಿಗೂ ಸಂಶೋಧಕರಿಗೂ ತೆರೆಯಿತು. ಒಟ್ಟು 111 ಕಿಲೋಮೀಟರ್ ಉದ್ದದ ಕಾಗದಪತ್ರಗಳು ಈಗ, 2021ರ ಜೂನ್‌ನಿಂದ, ಜರ್ಮನಿಯ ರಾಷ್ಟ್ರೀಯ ಪತ್ರಾಗಾರದ ಅಧೀನದಲ್ಲಿವೆ. ಬಿಎನ್‌ಡಿಯಾದರೋ ಇಂದಿಗೂ ಕೆಲಸ ಮಾಡುತ್ತಿರುವ ಸಂಸ್ಥೆ. 2011ರಲ್ಲಿ ನೇಮಕವಾದ ಸ್ವತಂತ್ರ ಚರಿತ್ರಕಾರರ ಆಯೋಗಕ್ಕೆ ಅದು 1945ರಿಂದ 1968ರವರೆಗಿನ ಅವಧಿಯ ಅಧ್ಯಯನಕ್ಕಾಗಿ ತನ್ನ ಕಡತಗಳನ್ನು ತೋರಿಸಿತು. ಸೋತವರ ಕಪಾಟು ತೆರೆದುಕೊಂಡಿದೆ, ಗೆದ್ದವರದು ಬಹುಪಾಲು ಮುಚ್ಚಿದೆ. ಆದ್ದರಿಂದಲೇ ಪೂರ್ವದವರು ಪಶ್ಚಿಮದಲ್ಲಿ ಮಾಡಿದ್ದು ನಮಗೆ ಎದ್ದು ಕಾಣುತ್ತದೆ, ಪಶ್ಚಿಮದವರು ಪೂರ್ವದಲ್ಲಿ ಮಾಡಿದ್ದು ಮಸುಕಾಗಿದೆ. ಸ್ಟಾಸಿಯೇ ಸದಾ ಮೇಲುಗೈ ಸಾಧಿಸುತ್ತಿತ್ತು ಎಂಬ ಪ್ರಸಿದ್ಧ ಮಾತನ್ನು ಒಪ್ಪುವ ಮೊದಲು ಈ ಅಸಮತೆಯನ್ನು ಕೇಳುಗರ ಮುಂದಿಡಬೇಕು.

ತೆರೆದ ಕಪಾಟಿನಲ್ಲೂ ನಮಗೆ ಬೇಕಾದ ಅರೆಯೇ ಖಾಲಿ. ಎಚ್‌ವಿಎ 1990ರಲ್ಲಿ ತನ್ನನ್ನು ತಾನೇ ವಿಸರ್ಜಿಸಿಕೊಳ್ಳಲು ಅನುಮತಿ ಪಡೆದು ಬಹುತೇಕ ಕಡತಗಳನ್ನು ನಾಶಮಾಡಿತು. ಆ ಕೊರತೆಯನ್ನು ಎರಡು ಆಕರಗಳು ಸ್ವಲ್ಪಮಟ್ಟಿಗೆ ತುಂಬುತ್ತವೆ. ಒಂದು, ಅಮೆರಿಕದ ಸಿಐಎ ಕೈಸೇರಿ, 2003ರ ಹೊತ್ತಿಗೆ ಜರ್ಮನಿಗೆ ಪ್ರತಿರೂಪದಲ್ಲಿ ಮರಳಿದ, ‘ರೋಸೆನ್‌ಹೋಲ್ಸ್’ ಎಂದು ಕರೆಯಲಾಗುವ ಸೂಚಿಪತ್ರಗಳು. ಇನ್ನೊಂದು, 1998ರಲ್ಲಿ ಓದಲು ಸಾಧ್ಯವಾದ ‘ಸಿರಾ’ ಎಂಬ ಗಣಕ ದತ್ತಾಂಶ. ಇವುಗಳ ಬಳಕೆ ಹೀಗೆ: ರೋಸೆನ್‌ಹೋಲ್ಸ್‌ನ ಎಫ್16 ಎಂಬ ಚೀಟಿಯಲ್ಲಿ ನಿಜವಾದ ಹೆಸರೂ ನೋಂದಣಿ ಸಂಖ್ಯೆಯೂ ಇರುತ್ತವೆ, ಎಫ್22ರಲ್ಲಿ ಅದೇ ಸಂಖ್ಯೆಯ ಜೊತೆ ಗುಪ್ತನಾಮ ಇರುತ್ತದೆ, ಆ ಸಂಖ್ಯೆಯ ಮೂಲದಿಂದ ಯಾವ ಮಾಹಿತಿ ಬಂತೆಂಬುದು ಸಿರಾದಲ್ಲಿ ದೊರೆಯುತ್ತದೆ. ಮೂರನ್ನೂ ಸೇರಿಸಿದಾಗ ಮಾತ್ರ ಒಬ್ಬ ವ್ಯಕ್ತಿಯ ಚಿತ್ರ ಮೂಡುತ್ತದೆ. ಎಫ್16ರಲ್ಲಿ ಹೆಸರಿದ್ದ ಮಾತ್ರಕ್ಕೆ ಅವರು ಗೂಢಚಾರರಾಗಿದ್ದರೆಂದು ಹೇಳಕೂಡದು. ಸ್ಟಾಸಿ ಕಣ್ಣಿಟ್ಟಿದ್ದವರ, ಗೂಢಚಾರರ ಬಂಧುಗಳ ಚೀಟಿಗಳೂ ಅದೇ ಪೆಟ್ಟಿಗೆಯಲ್ಲಿದ್ದವು.

ಇದಾದ ಮೇಲೆ ಒಂದೇ ಒಂದು ಪ್ರಕರಣವನ್ನು ಆರಿಸಿ ನಿಧಾನವಾಗಿ ಬಿಡಿಸಬೇಕು. ಹತ್ತು ಪ್ರಕರಣಗಳ ಪಟ್ಟಿ ಓದಿದರೆ ಸಭೆ ತೂಕಡಿಸುತ್ತದೆ. ವಿಲ್ಲಿ ಬ್ರಾಂಟ್ ಪಶ್ಚಿಮ ಜರ್ಮನಿಯ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆಗಿದ್ದ ವರ್ಷಗಳು ಇದಕ್ಕೆ ಅತ್ಯಂತ ಯೋಗ್ಯ. 1972ರ ಏಪ್ರಿಲ್ 27ರಂದು ಅವರನ್ನು ಇಳಿಸಿ ವಿರೋಧ ಪಕ್ಷದ ನಾಯಕ ರೈನರ್ ಬಾರ್ಸೆಲ್‌ರನ್ನು ತರುವ ನಿರ್ಣಯಕ್ಕೆ ಸಂಸತ್ತಿನಲ್ಲಿ 249 ಮತ ಬೇಕಿತ್ತು, ಬಿದ್ದದ್ದು 247. ವಿರೋಧ ಪಕ್ಷದ ಸದಸ್ಯ ಯೂಲಿಯುಸ್ ಸ್ಟೈನರ್ ತಾನು 50,000 ಮಾರ್ಕ್ ಪಡೆದುದಾಗಿ ಮರುವರ್ಷ ಒಪ್ಪಿಕೊಂಡ. ಆ ಹಣ ತಮ್ಮದೆಂದು ವೋಲ್ಫ್ ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ. ಪೂರ್ವದೊಡನೆ ಒಪ್ಪಂದ ಮಾಡಿಕೊಳ್ಳಲು ಸಿದ್ಧವಿದ್ದ ಬ್ರಾಂಟ್ ಅಧಿಕಾರದಲ್ಲಿ ಉಳಿಯಬೇಕೆಂಬುದು ಪೂರ್ವ ಬರ್ಲಿನ್ನಿನ ಇಚ್ಛೆಯಾಗಿತ್ತು. ಆದರೆ 1956ರಲ್ಲಿ ನಿರಾಶ್ರಿತನ ಸೋಗಿನಲ್ಲಿ ಕಳುಹಿಸಲ್ಪಟ್ಟಿದ್ದ ಅದೇ ಸ್ಟಾಸಿಯ ಅಧಿಕಾರಿ ಗ್ಯುಂಟರ್ ಗೀಯೋಮ್ ಅಷ್ಟರಲ್ಲಿ ಚಾನ್ಸಲರ್ ಕಚೇರಿಯೊಳಗೆ ಸೇರಿದ್ದ. 1974ರ ಏಪ್ರಿಲ್ 24ರಂದು ಅವನು ಬಂಧಿತನಾದ. ಮೇ ತಿಂಗಳಲ್ಲಿ ಬ್ರಾಂಟ್ ರಾಜೀನಾಮೆ ಕೊಟ್ಟರು. ಉಳಿಸಲು ಹಣ ಚೆಲ್ಲಿದವರೇ ಉರುಳಿಸಿದಂತಾಯಿತು.

ಈ ಪ್ರಕರಣದಲ್ಲಿ ಪಶ್ಚಿಮದ ಪಾತ್ರವನ್ನೂ ಬಿಡಬಾರದು. ಐವತ್ತರ ದಶಕದಲ್ಲಿ ಪೂರ್ವದಿಂದ ಬಂದ ರೇಡಿಯೋ ಸಂದೇಶಗಳನ್ನು, ಅವುಗಳಲ್ಲಿ ಗೀಯೋಮ್‌ಗೆ ಮಗ ಹುಟ್ಟಿದಾಗಿನ ಶುಭಾಶಯವೂ ಸೇರಿದಂತೆ, ಪಶ್ಚಿಮದವರು ಬಿಡಿಸಿ ಇಟ್ಟುಕೊಂಡಿದ್ದರು. ಬಿಎಫ್‌ವಿ ಆ ತಾರೀಖುಗಳನ್ನು ಕುಟುಂಬದ ಜನ್ಮದಿನಗಳೊಡನೆ ತಾಳೆ ನೋಡಿ 1973ರ ಬೇಸಿಗೆಯ ಮುನ್ನವೇ ಸಂಶಯಪಟ್ಟಿತ್ತು. ಆದರೂ ಜುಲೈಯಲ್ಲಿ ನಾರ್ವೆಯಲ್ಲಿ ರಜೆಯಲ್ಲಿದ್ದ ಚಾನ್ಸಲರ್ ಜೊತೆ ಗೀಯೋಮ್ ಇದ್ದ. ವೋಲ್ಫ್‌ನ ಬರಹವನ್ನು ಬಳಸುವಾಗ ಎಚ್ಚರ ಬೇಕು. ಬ್ರಾಂಟ್ ಪತನ ತಮಗೆ ಬೇಕಿರಲಿಲ್ಲವೆಂದು ಅವನು ಬರೆದದ್ದು ನಂಬತಕ್ಕದ್ದೇ ಆಗಿದ್ದರೂ, ಆರೋಪಿಯ ಕಟಕಟೆಯಲ್ಲಿ ನಿಂತು ಬಂದವನು ಬರೆದದ್ದೆಂಬುದನ್ನು ಸಭೆಗೆ ತಿಳಿಸಿಯೇ ಮುಂದುವರಿಯಬೇಕು.

ಅಂಕಿಗಳನ್ನು ಕಡಿಮೆ ಬಳಸಿ. 1989ರಲ್ಲಿ ಸ್ಟಾಸಿಗೆ ಸುಮಾರು 91,000 ಪೂರ್ಣಾವಧಿ ನೌಕರರೂ 1,89,000 ಮಂದಿ ಅನಧಿಕೃತ ಸಹಾಯಕರೂ ಇದ್ದರೆಂಬುದು ನಿಜ. ಆದರೆ ಅದರಲ್ಲಿ ಬಹುಪಾಲು ತನ್ನದೇ ಪ್ರಜೆಗಳನ್ನು ಕಾಯುತ್ತಿದ್ದ ಬಲ. ಅದನ್ನು ನೆರೆಯ ದೇಶದ ಮೇಲಿನ ಬೇಹುಗಾರಿಕೆಯ ಗಾತ್ರವೆಂದು ಹೇಳಿದರೆ ತಪ್ಪಾಗುತ್ತದೆ.

ಸಂಬಂಧ ಎಂದರೆ ಹಗೆತನ ಮಾತ್ರವಲ್ಲವೆಂದು ತೋರಿಸಲು ಕೈದಿಗಳ ವ್ಯವಹಾರವನ್ನು ಸೇರಿಸಿಕೊಳ್ಳಬೇಕು. ಅರುವತ್ತರ ದಶಕದ ಆರಂಭದಿಂದ 1989ರವರೆಗೆ ಪಶ್ಚಿಮ ಜರ್ಮನಿ 33,000ಕ್ಕೂ ಹೆಚ್ಚು ರಾಜಕೀಯ ಕೈದಿಗಳನ್ನು ಪೂರ್ವದ ಸೆರೆಮನೆಗಳಿಂದ ಬಿಡಿಸಿತು. ಇದಕ್ಕೆ ತೆತ್ತದ್ದು ಮೂರು ಶತಕೋಟಿ ಮಾರ್ಕಿಗೂ ಮೀರಿದ ಮೌಲ್ಯ, ಅದೂ ಹೆಚ್ಚಾಗಿ ಸರಕಿನ ರೂಪದಲ್ಲಿ, ಚರ್ಚಿನ ಮೂಲಕ. ಪೂರ್ವ ಬರ್ಲಿನ್ನಿನ ವಕೀಲ ವೋಲ್ಫ್‌ಗಾಂಗ್ ಫೋಗೆಲ್ ಈ ಮಾತುಕತೆಗಳಲ್ಲೂ ಗೂಢಚಾರರ ವಿನಿಮಯದಲ್ಲೂ ನಡುವಿನ ವ್ಯಕ್ತಿ. ಹದಿಮೂರು ವರ್ಷದ ಶಿಕ್ಷೆಯಾಗಿದ್ದ ಗೀಯೋಮ್ 1981ರಲ್ಲಿ ಹೊರಬಂದದ್ದೂ ವಿನಿಮಯದಿಂದಲೇ.

ಉಪನ್ಯಾಸವನ್ನು 1990ರ ಅಕ್ಟೋಬರ್ 3ರ ಏಕೀಕರಣಕ್ಕೆ ನಿಲ್ಲಿಸುವುದು ಸುಲಭ, ಆದರೆ ಅದು ಸರಿಯಾದ ಕೊನೆಯಲ್ಲ. ಬಿಎನ್‌ಡಿಯಲ್ಲಿ ಉನ್ನತ ವಿಶ್ಲೇಷಕಿಯಾಗಿದ್ದ ಗಾಬ್ರಿಯೆಲೆ ಗಾಸ್ಟ್, ಬಿಎಫ್‌ವಿಯಲ್ಲಿ ಗೂಢಚಾರರನ್ನು ಹಿಡಿಯುವ ಕೆಲಸದಲ್ಲಿದ್ದ ಕ್ಲೌಸ್ ಕುರೋನ್, ಇಬ್ಬರೂ ಸ್ಟಾಸಿಯವರೆಂದು ಬಯಲಾದದ್ದು 1990ರ ಆ ತಿಂಗಳುಗಳಲ್ಲೇ. ವೋಲ್ಫ್‌ಗೆ 1993ರಲ್ಲಿ ದೇಶದ್ರೋಹಕ್ಕಾಗಿ ಆರು ವರ್ಷದ ಶಿಕ್ಷೆಯಾಯಿತು. ತನ್ನದೇ ರಾಜ್ಯಕ್ಕೆ ಕೆಲಸ ಮಾಡಿದವನು ಯಾವ ದೇಶಕ್ಕೆ ದ್ರೋಹ ಬಗೆದ ಎಂಬ ತೊಡಕನ್ನು ಜರ್ಮನಿಯ ಸಂವಿಧಾನ ನ್ಯಾಯಾಲಯ 1995ರಲ್ಲಿ ಕೈಗೆತ್ತಿಕೊಂಡು, ಪೂರ್ವದ ನೆಲದಲ್ಲೇ ಕುಳಿತು ಬೇಹುಗಾರಿಕೆ ನಡೆಸಿದ ಅಲ್ಲಿನ ಅಧಿಕಾರಿಗಳನ್ನು ಅದಕ್ಕಾಗಿ ಶಿಕ್ಷಿಸುವುದನ್ನು ತಡೆಯಿತು; ವೋಲ್ಫ್‌ನ ಮೇಲಿನ ಆ ತೀರ್ಪು ಬಿದ್ದುಹೋಯಿತು. ಅವರಿಗಾಗಿ ಪಶ್ಚಿಮದಲ್ಲಿ ದುಡಿದ ಪಶ್ಚಿಮದ ಪ್ರಜೆಗಳಿಗೆ ಮಾತ್ರ ಈ ರಕ್ಷಣೆ ಸಿಗಲಿಲ್ಲ. ಪ್ರಶ್ನೋತ್ತರಕ್ಕೆ ಹದಿನೈದು ನಿಮಿಷ ಉಳಿಸಿಕೊಂಡು ಇಲ್ಲಿಗೆ ಮಾತು ನಿಲ್ಲಿಸಬೇಕು.