ಬಂಗಾರಪೇಟೆ ಸುತ್ತಿ ಹೋದರೂ ನಾವೇ ಮುಂಚೆ

ಹೋದ ತಿಂಗಳು ಸೈನ್ಯದಲ್ಲಿರುವ ನಮ್ಮ ಮನೆಯವರು ರಜೆ ಮುಗಿಸಿ ಹೊರಟಾಗ, ಕರ್ನಾಟಕ ಎಕ್ಸ್‌ಪ್ರೆಸ್ ಬಿಡೋಕೆ ಇನ್ನೂ ಐವತ್ತು ನಿಮಿಷ ಇತ್ತು. ಬೆಂಗಳೂರಿನ ಸಿಟಿ ಸ್ಟೇಷನ್ ಪ್ಲಾಟ್‌ಫಾರ್ಮ್‌ನಲ್ಲಿ ನಿಧಾನವಾಗಿ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಐದನೇ ಸಲ ಹೀಗೆ, ಒಂದು ಸಲವೂ ಓಡಿಲ್ಲ. ಕೋಲಾರದಿಂದ ಬೆಂಗಳೂರಿಗೆ ಬಂಗಾರಪೇಟೆ ಮೇಲೆ ಹೋಗೋಣ ಅಂದಾಗ ಮನೆಯಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಮಾವ ಸುಬೇದಾರ್ ಆಗಿ ರಿಟೈರ್ ಆದವರು. "ಮುಂದಕ್ಕೆ ಹೋಗೋಕೆ ಯಾರಾದ್ರೂ ಹಿಂದಕ್ಕೆ ಹೋಗ್ತಾರೇನಮ್ಮಾ? ಹೈವೇ ಇಲ್ಲೇ ಇದೆಯಲ್ಲ" ಅಂದರು. ಅತ್ತೆಯದು ಬೇರೆ ಮಾತು. ಹೆಂಗಸರಿಗೆ ಬಸ್ಸು ಫ್ರೀ ಇರುವಾಗ ದುಡ್ಡು ಕೊಟ್ಟು ರೈಲು ಯಾಕೆ?

ಇದಕ್ಕೆಲ್ಲ ಕಾರಣ 2023ರ ಜುಲೈ. ಟೊಮೆಟೊ ರೇಟು ಆಕಾಶಕ್ಕೆ ಹೋಗಿದ್ದ ಸಮಯ. ರೈಲು ಸಂಜೆ 7:20ಕ್ಕೆ. ಮೂರೂವರೆಗೆ ಟ್ಯಾಕ್ಸಿ ಹತ್ತಿದೆವು, ಬಾಡಿಗೆ ಎರಡು ಸಾವಿರದ ಎಂಟುನೂರೋ ಏನೋ. ಎಪ್ಪತ್ತು ಕಿಲೋಮೀಟರ್‌ಗೆ ನಾಲ್ಕು ಗಂಟೆ ಸಾಲದಾ ಅಂದುಕೊಂಡೆವು. ನರಸಾಪುರದಲ್ಲಿ ಫ್ಯಾಕ್ಟರಿ ಶಿಫ್ಟ್ ಬಿಟ್ಟು ಬಸ್ಸುಗಳ ಸಾಲು. ಜೊತೆಗೆ ಮಂಡಿಯ ಲಾರಿಗಳು, ಮಳೆ. ಹೊಸಕೋಟೆ ದಾಟುವಾಗಲೇ ಐದೂವರೆ. ಮೇಡಹಳ್ಳಿಯಿಂದ ಟಿನ್ ಫ್ಯಾಕ್ಟರಿಗೆ ಗಂಟೆಯ ಮೇಲೆ ಆಯಿತು. ಮನೆಯವರು ಒಂದು ಹೊತ್ತಿನಲ್ಲಿ ವಾಚ್ ನೋಡುವುದನ್ನೇ ಬಿಟ್ಟರು. ಬ್ಯಾಗಿನ ಬಕಲ್ ತೆಗೆಯೋದು, ಹಾಕೋದು, ತೆಗೆಯೋದು, ಹಾಕೋದು. ಆ ಟಕ್ ಟಕ್ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. 7:20ಕ್ಕೆ ನಾವು ಹಲಸೂರಿನ ಸಿಗ್ನಲ್‌ನಲ್ಲಿದ್ದೆವು.

ಮಾರನೇ ದಿನ ವಿಮಾನ. ಹದಿಮೂರು ಹದಿನಾಲ್ಕು ಸಾವಿರ ಹೋಯಿತು, ರೈಲಿನ ಟಿಕೆಟ್ ದುಡ್ಡು ಬೇರೆ. ಓಎಸ್‌ಎಲ್, ಅಂದರೆ ರಜೆ ಮುಗಿದರೂ ಹಾಜರಾಗಲಿಲ್ಲ ಅನ್ನೋ ತಪ್ಪು, ಅಂತೂ ಬೀಳಲಿಲ್ಲ. ಬಿದ್ದಿದ್ದರೆ ಏನಾಗುತ್ತಿತ್ತು ಅಂತ ಫೌಜಿ ಮನೆಯವರಿಗೆ ನಾನು ಹೇಳಬೇಕಾಗಿಲ್ಲ. ಟ್ರಾಫಿಕ್ ಇತ್ತು ಅಂದರೆ ಯೂನಿಟ್‌ನಲ್ಲಿ ಯಾರು ಕೇಳುತ್ತಾರೆ?

ಮುಂದಿನ ರಜೆಗೆ ಬೇಗ ಹೊರಡೋಣ ಅಂತ ಹನ್ನೊಂದೂವರೆಗೇ ಬಿಟ್ಟೆವು. ಎರಡಕ್ಕೆ ಸ್ಟೇಷನ್ ಸೇರಿ ಐದು ಗಂಟೆ ಬೆಂಚಿನ ಮೇಲೆ ಕೂತೆವು. ನನಗೆ ಅಳುವೇ ಬಂತು. ಕೊನೇ ದಿನ ಮಧ್ಯಾಹ್ನದ ಊಟ ಮನೆಯಲ್ಲಿ ಆಗಲಿಲ್ಲ, ಮಗಳು ಸ್ಕೂಲಿಂದ ಬರುವಷ್ಟರಲ್ಲಿ ಅಪ್ಪ ಇಲ್ಲ. ಇದ್ದ ರಜೆಯಲ್ಲೇ ಅರ್ಧ ದಿನ ನಾವೇ ಕಳೆದುಕೊಂಡ ಹಾಗಾಯಿತು. ಆಮೇಲೆ ಬಂಗಾರಪೇಟೆಯಿಂದ ನೇರ ಸಿಟಿ ಸ್ಟೇಷನ್‌ಗೆ ರೈಲು ಹತ್ತಿ ನೋಡಿದೆವು. ಕೆ.ಆರ್.ಪುರದ ತನಕ ಚೆನ್ನಾಗಿ ಬಂತು. ಅಲ್ಲಿಂದಾಚೆ ಸಿಗ್ನಲ್‌ಗೆ ನಿಂತು ನಿಂತು ಹೋಯಿತು. ಹನ್ನೆರಡು ನಿಮಿಷ ಉಳಿದಿದ್ದಾಗ ಇಳಿದೆವು.

ಆದರೆ ಆ ಹೊತ್ತಿಗೆ ಮೆಟ್ರೋ ಬಂದಾಗಿತ್ತು. 2023ರ ಅಕ್ಟೋಬರ್ 9ಕ್ಕೆ ಕೆ.ಆರ್.ಪುರ–ಬೈಯಪ್ಪನಹಳ್ಳಿ ನಡುವಿನ ತುಂಡು ಸೇರಿಕೊಂಡಿತಲ್ಲ, ಅದನ್ನು ನಾನು ಸರಿಯಾಗಿ ಗಮನಿಸಿರಲಿಲ್ಲ. ಹೊಸಕೋಟೆ ಜಾಮ್ ಅನ್ನು ರೈಲಿನಲ್ಲಿ ತಪ್ಪಿಸಬೇಕು, ಕೆ.ಆರ್.ಪುರದ ಆಚೆ ಕಾಯುವುದನ್ನು ಮೆಟ್ರೋದಲ್ಲಿ ತಪ್ಪಿಸಬೇಕು. ಅಷ್ಟೇ ಉಪಾಯ. ಮನೆಯಿಂದ ಸ್ಕೂಟರ್‌ನಲ್ಲಿ ಬಂಗಾರಪೇಟೆಗೆ ಅರ್ಧ ಗಂಟೆ, ಅಲ್ಲಿಂದ ಕೆ.ಆರ್.ಪುರಕ್ಕೆ ಹೆಚ್ಚುಕಮ್ಮಿ ಒಂದು ಗಂಟೆ, ಮೆಟ್ರೋದಲ್ಲಿ ಸಿಟಿ ಸ್ಟೇಷನ್‌ಗೆ ಮೂವತ್ತೈದು ನಿಮಿಷ. ಮನೆಯಲ್ಲೇ ಊಟ ಮಾಡಿ ಹೊರಟರೆ ಸಾಕು. ಲೆಕ್ಕವನ್ನು ಹಿಂದಿನಿಂದ ಹಾಕುತ್ತೇನೆ. ಯಾವ ರೈಲು ಸಾಕಾಗುತ್ತೋ ಅದಕ್ಕೆ ಒಂದು ರೈಲು ಮುಂಚಿನದು ಹತ್ತುತ್ತೇನೆ. ಅದು ತಪ್ಪಿದರೂ ಹಿಂದೆ ಇನ್ನೊಂದಿದೆ. ಟೈಮು ಬದಲಾಗುತ್ತಿರುತ್ತೆ, ಹಿಂದಿನ ರಾತ್ರಿಯೇ ನೋಡಿಕೊಳ್ಳಬೇಕು. ಕೆ.ಆರ್.ಪುರದಲ್ಲಿ ಮೆಟ್ಟಿಲ ಎದುರಿಗೇ ಇಳಿಸುವ ಡಬ್ಬಿ ಯಾವುದು ಅನ್ನೋದನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ. ನಾಲ್ಕೈದು ನಿಮಿಷ ಉಳಿಯುತ್ತೆ.

ಮೊದಲ ಸಲವೇ ಸಲೀಸಾಗಲಿಲ್ಲ. ಮನೆಯವರು ಕಪ್ಪು ಟ್ರಂಕ್ ತಂದುಬಿಟ್ಟಿದ್ದರು. ಮೆಟ್ರೋ ಸ್ಕ್ಯಾನರ್ ಹತ್ತಿರ ತಡೆದರು, ಸೈಜು ಜಾಸ್ತಿ. ಆಟೋ ಮಾಡಿ ಹೋದೆವು, ನಾನೂರು ರೂಪಾಯಿ. ಅವತ್ತಿಂದ ಟ್ರಂಕ್ ಯೂನಿಟ್‌ನಲ್ಲೇ ಇರುತ್ತೆ. ಮನೆಗೆ ಒಂದು ಪಿಟ್ಟು (ಬೆನ್ನಿಗೆ ಹಾಕುವ ಚೀಲ), ಒಂದು ಕೈಚೀಲ, ಅಷ್ಟೇ. ಅತ್ತೆ ಕಟ್ಟಿಕೊಡುವ ಹುರಿಹಿಟ್ಟು, ಉಪ್ಪಿನಕಾಯಿ ಎಲ್ಲ ಅದರಲ್ಲೇ ಹಿಡಿಯಬೇಕು.

ನಡುವೆ ಇನ್ನೊಂದು ಪ್ರಯೋಗ. ಚೆನ್ನೈ ಎಕ್ಸ್‌ಪ್ರೆಸ್‌ವೇ ನಮ್ಮ ಕಡೆ ತೆರೆದ ಮೇಲೆ ಅಣ್ಣನ ಕಾರಿನಲ್ಲಿ ಮಾಲೂರಿನ ಹತ್ತಿರ ಹತ್ತಿದೆವು. ಹೊಸಕೋಟೆಗೆ ಗಾಳಿ ಹಾಗೆ ಬಂದೆವು. ಇಳಿದ ಮೇಲೆ ಅದೇ ಮೇಡಹಳ್ಳಿ, ಅದೇ ಸಾಲು. ಪೆಟ್ರೋಲ್‌ಗೆ ಏಳೆಂಟು ನೂರು ಹೋಗಿದ್ದೇ ಬಂತು.

ದುಡ್ಡಿನ ಲೆಕ್ಕ ಅತ್ತೆಗೂ ತೋರಿಸಿದೆ. ಸ್ಕೂಟರ್ ಸ್ಟ್ಯಾಂಡ್‌ಗೆ ಇಪ್ಪತ್ತು, ಪ್ಯಾಸೆಂಜರ್ ಟಿಕೆಟ್‌ಗೆ ಹದಿನೈದಿಪ್ಪತ್ತು, ಮೆಟ್ರೋಗೆ ಅರವತ್ತರ ಆಸುಪಾಸು. ಇಬ್ಬರಿಗೂ ಸೇರಿ ಇನ್ನೂರು ದಾಟಲ್ಲ. ಫ್ರೀ ಬಸ್ಸಿನ ಮುಂದೆ ಜಾಸ್ತಿಯೇ. ಆದರೆ ಆ ಹದಿನಾಲ್ಕು ಸಾವಿರ ಅವರೂ ಮರೆತಿಲ್ಲ. ಒಂದು ಮಾತು, ಭಾನುವಾರ ಬೆಳಗ್ಗೆ ಮೆಟ್ರೋ ಏಳಕ್ಕೇ ಶುರುವಾಗೋದು. ಬೆಳಗಿನ ರೈಲಿದ್ದರೆ ಈ ದಾರಿ ನಂಬಬೇಡಿ, ಸಿಟಿ ತನಕ ರೈಲಿನಲ್ಲೇ ಹೋಗಿ.

ಮಾವನಿಗೆ ನಂಬಿಕೆ ಬಂದಿದ್ದು ತಮ್ಮದೇ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ರೆಫರಲ್ ದಿನ. ಬೆಂಗಳೂರಿನ ಮಿಲಿಟರಿ ಆಸ್ಪತ್ರೆಗೆ ಎಂಟಕ್ಕೆ ಮೊದಲೇ ಇರಬೇಕಿತ್ತು. ಬೆಳಗ್ಗೆ ಐದಕ್ಕೇ ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೊರಟೆ. ಇಂದಿರಾನಗರದಲ್ಲಿ ಇಳಿದು ಆಟೋ ಹಿಡಿದು ಏಳೂವರೆಗೆ ಗೇಟಿನಲ್ಲಿದ್ದೆವು. ಹೈವೇಯಲ್ಲಿ ಹೊರಟಿದ್ದ ಅವರ ರೆಜಿಮೆಂಟಿನ ಗೆಳೆಯರು ಬಂದಾಗ ಒಂಬತ್ತೂಕಾಲು. ಮಾವ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂಗಾರಪೇಟೆಯಿಂದ ಶುರುಮಾಡಿ ಒಂದೊಂದಾಗಿ ಹೇಳಿದರು. ನಿಮಿಷ ಸಮೇತ. ಈಗ ಹಿಂದಿನ ರಾತ್ರಿ ರೈಲಿನ ಟೈಮು ನೋಡಿ ಕ್ಯಾಲೆಂಡರ್ ಮೇಲೆ ಬರೆದಿಡುವ ಡ್ಯೂಟಿ ಅವರದೇ.